ಕಾಲುವೆಯ ಕೊನೆಗೆ ಮುಟ್ಟದ ನೀರು: ಕ್ಯಾನ್ಸರ್ ಗಡ್ಡೆಯೊಳಗಿನ ಆಮ್ಲಜನಕದ ಬರ

ನಮ್ಮೂರು ಮಾಗಳದ ಬದಿಯಲ್ಲೇ ತುಂಗಭದ್ರೆ ಹರಿಯುತ್ತಾಳೆ. ಹೊಳೆ ತುಂಬಿದ್ದರೂ ಕಾಲುವೆಯ ಕೊನೆಯ ಹೊಲಕ್ಕೆ ನೀರು ಮುಟ್ಟದ ಸಂಕಟ ಈ ಸೀಮೆಯವರಿಗೆ ಹೊಸದಲ್ಲ. ಕ್ಯಾನ್ಸರ್ ಗಡ್ಡೆಯ ಒಳಗೂ ಹೀಗೇ ಆಗುತ್ತದೆ. ಅದನ್ನು ಅರಿತು ಔಷಧಿ ಮಾಡಿದ ಬಗೆಯನ್ನು ನಿಧಾನವಾಗಿ ತಿಳಿಯೋಣ. ಶಾಲೆಯಲ್ಲಿ ಓದಿದ ಜೀವಶಾಸ್ತ್ರ ಮರೆತಿದ್ದರೂ ಚಿಂತೆಯಿಲ್ಲ.

ಆಮ್ಲಜನಕವನ್ನು ಹೊತ್ತು ತರುವುದು ರಕ್ತ. ರಕ್ತನಾಳದಿಂದ ಅದು ಸುತ್ತಲಿನ ಜೀವಕೋಶಗಳಿಗೆ ಜಿನುಗುತ್ತದೆ. ಜಿನುಗುವ ದೂರ ಬಹಳ ಕಡಿಮೆ, ಒಂದು ಮಿಲಿಮೀಟರನ್ನು ಹತ್ತು ಪಾಲು ಮಾಡಿದರೆ ಒಂದೆರಡು ಪಾಲು ಮಾತ್ರ. ಗಡ್ಡೆ ಅವಸರದಲ್ಲಿ ಬೆಳೆಯುತ್ತದೆ. ಅದರ ರಕ್ತನಾಳಗಳು ಸೊಟ್ಟಗೆ, ಸೋರುವಂತೆ ಇರುತ್ತವೆ. ಹಾಗಾಗಿ ನಾಳದಿಂದ ದೂರವಿರುವ ಕೋಶಗಳು ಉಸಿರು ಕಟ್ಟಿ ಬದುಕಬೇಕಾಗುತ್ತದೆ. ಥಾಮ್ಲಿನ್ಸನ್ ಮತ್ತು ಗ್ರೇ ಎಂಬ ವಿಜ್ಞಾನಿಗಳು 1955ರಲ್ಲಿ ಶ್ವಾಸಕೋಶದ ಗಡ್ಡೆಗಳಲ್ಲಿ ಇದನ್ನು ಅಳೆದು ತೋರಿಸಿದರು. ಇಂಥ ಕೋಶಗಳು ವಿಕಿರಣ ಚಿಕಿತ್ಸೆಗೂ ಸುಲಭವಾಗಿ ಬಗ್ಗುವುದಿಲ್ಲ.

ಬರ ಬಿದ್ದರೆ ಕೂಡ್ಲಿಗಿ, ಹರಪನಹಳ್ಳಿ ಕಡೆಯ ರೈತರು ಏನು ಮಾಡುತ್ತಾರೆ? ಬೋರು ಕೊರೆಸುತ್ತಾರೆ. ಕಡಿಮೆ ನೀರಿನ ಬೆಳೆಗೆ ಹೊರಳುತ್ತಾರೆ. ಏನೂ ಆಗದಿದ್ದರೆ ಗುಳೆ ಹೋಗುತ್ತಾರೆ. ಆಮ್ಲಜನಕ ಸಿಗದ ಕ್ಯಾನ್ಸರ್ ಕೋಶದ ದಾರಿಗಳೂ ಮೂರು. ಹೊಸ ರಕ್ತನಾಳಗಳನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಆಮ್ಲಜನಕ ಬೇಡದ ರೀತಿಯಲ್ಲಿ ಸಕ್ಕರೆಯನ್ನು ಒಡೆದು ಶಕ್ತಿ ಪಡೆಯುತ್ತದೆ. ಕೊನೆಗೆ ಇದ್ದ ಜಾಗ ಬಿಟ್ಟು ಬೇರೆ ಅಂಗಕ್ಕೆ ಹೊರಡುತ್ತದೆ. ಗುಳೆ ಹೋಗುವ ರೈತ ಹೊಟ್ಟೆಪಾಡಿಗೆ ಹೋಗುವವನು, ಯಾರಿಗೂ ಕೇಡು ಮಾಡುವವನಲ್ಲ. ಇಲ್ಲಿ ಹೋಲಿಸಿದ್ದು ಬರ ತರುವ ಒತ್ತಾಯವನ್ನು ಮಾತ್ರ.

ಈ ಕೆಲಸಗಳಿಗೆ ಅಪ್ಪಣೆ ಕೊಡುವ ಮುಖ್ಯ ಪ್ರೋಟೀನಿನ ಹೆಸರು ಹಿಫ್. ಆರೋಗ್ಯವಂತರಲ್ಲೂ ಅದು ಬೇಕು. ಎತ್ತರದ ಬೆಟ್ಟದಲ್ಲಿ ಕೆಲವು ದಿನ ಉಳಿದರೆ ಕೆಂಪು ರಕ್ತಕಣ ಹೆಚ್ಚುವುದು ಅದರಿಂದಲೇ. ದೇಹ ಹಿಫ್ ಅನ್ನು ಸದಾ ತಯಾರಿಸುತ್ತದೆ, ಆಮ್ಲಜನಕ ಸಾಕಷ್ಟಿದ್ದರೆ ಕೆಲವೇ ನಿಮಿಷಗಳಲ್ಲಿ ಕೆಡವಿಯೂ ಬಿಡುತ್ತದೆ. ಮೊದಲು ಕಿಣ್ವಗಳು ಆಮ್ಲಜನಕ ಬಳಸಿ ಹಿಫ್ ಮೇಲೆ ಗುರುತು ಹಾಕುತ್ತವೆ. ಆ ಗುರುತು ಕಂಡು ವಿಎಚ್‌ಎಲ್ ಎಂಬ ಇನ್ನೊಂದು ಪ್ರೋಟೀನು ಅದನ್ನು ನಾಶಕ್ಕೆ ಒಪ್ಪಿಸುತ್ತದೆ. ಆಮ್ಲಜನಕ ಕಡಿಮೆಯಾದರೆ ಗುರುತು ಬೀಳದು, ಹಿಫ್ ಉಳಿದುಕೊಂಡು ಅಪ್ಪಣೆ ಹೊರಡಿಸುತ್ತದೆ. ಇದನ್ನು ಬಿಡಿಸಿದ ವಿಲಿಯಂ ಕೇಲಿನ್, ಪೀಟರ್ ರಾಟ್‌ಕ್ಲಿಫ್, ಗ್ರೆಗ್ ಸೆಮೆನ್ಜಾ ಅವರಿಗೆ 2019ರ ನೊಬೆಲ್ ಬಂತು.

ಈಗ ಮುಖ್ಯ ಸಂಗತಿ. ಮೂತ್ರಪಿಂಡದ ಒಂದು ಬಗೆಯ ಕ್ಯಾನ್ಸರಿನಲ್ಲಿ ಬಹುತೇಕ ವಿಎಚ್‌ಎಲ್ ಕೆಟ್ಟಿರುತ್ತದೆ. ಆಮ್ಲಜನಕ ಧಾರಾಳವಾಗಿದ್ದರೂ ಆ ಕೋಶಗಳು ಬರಗಾಲದಲ್ಲಿದ್ದಂತೆಯೇ ನಡೆದುಕೊಳ್ಳುತ್ತವೆ. ಹುಟ್ಟಿನಿಂದಲೇ ವಿಎಚ್‌ಎಲ್ ತಯಾರಿಸುವ ಜೀನು ಕೆಟ್ಟವರೂ ಇದ್ದಾರೆ, ಸುಮಾರು 36,000 ಮಂದಿಯಲ್ಲಿ ಒಬ್ಬರು. ಇದೇ ವಿಎಚ್‌ಎಲ್ ಕಾಯಿಲೆ.

ಹಾಗಾದರೆ ಹಿಫ್ ಅನ್ನೇ ತಡೆಯಬಾರದೇಕೆ? ಇಂಥ ಪ್ರೋಟೀನುಗಳಲ್ಲಿ ಔಷಧಿಯ ಅಣು ಕೂರುವಂಥ ಜಾಗ ಸಿಗುವುದು ಅಪರೂಪ. ಆದರೂ ಅಮೆರಿಕದ ಡಲ್ಲಾಸ್‌ನಲ್ಲಿ ರಿಚರ್ಡ್ ಬ್ರೂಯಿಕ್ ಮತ್ತು ಕೆವಿನ್ ಗಾರ್ಡ್‌ನರ್ ಅವರ ತಂಡಗಳು ಹಿಫ್‌ನ ಒಂದು ಬಗೆಯಾದ ಹಿಫ್-2ರ ಒಳಗೆ ಒಂದು ಪುಟ್ಟ ಪೊಟರೆ ಕಂಡವು. ಹಿಫ್ ಒಂಟಿಯಾಗಿ ಕೆಲಸ ಮಾಡದು. ಜೋಡೆತ್ತಿನಂತೆ ಇನ್ನೊಂದು ಪ್ರೋಟೀನಿನ ಜೊತೆ ನೊಗಕ್ಕೆ ಬರಬೇಕು. ಬೆಲ್ಜುಟಿಫಾನ್ ಎಂಬ ಮಾತ್ರೆ ಆ ಪೊಟರೆಯಲ್ಲಿ ಕೂತು ಜೋಡಿ ಕೂಡದಂತೆ ಮಾಡುತ್ತದೆ. ಅಮೆರಿಕ ಇದಕ್ಕೆ 2021ರಲ್ಲಿ ವಿಎಚ್‌ಎಲ್ ಕಾಯಿಲೆಯ ಕೆಲವು ಗಡ್ಡೆಗಳಿಗೆ, 2023ರ ಡಿಸೆಂಬರಿನಲ್ಲಿ ಇತರ ಚಿಕಿತ್ಸೆ ಪಡೆದ, ಮುಂದುವರಿದ ಹಂತದ ಮೂತ್ರಪಿಂಡ ಕ್ಯಾನ್ಸರಿಗೆ ಒಪ್ಪಿಗೆ ನೀಡಿತು.

ಇದಕ್ಕೆ ಬೆಲೆಯೂ ಉಂಟು. ಹೊಸ ರಕ್ತಕಣಕ್ಕೆ ಹಿಫ್-2 ಬೇಕಾದ್ದರಿಂದ ಈ ಮಾತ್ರೆ ತಗೊಂಡವರಲ್ಲಿ ರಕ್ತಹೀನತೆ ಸಾಮಾನ್ಯ. ಇದೇ ತತ್ವವನ್ನು ತಿರುಗಿಸಿ ಹಿಫ್ ಅನ್ನು ಹೆಚ್ಚಿಸಿದರೆ ರಕ್ತಹೀನತೆಗೇ ಮದ್ದು: ಮೂತ್ರಪಿಂಡ ಸೋತವರಿಗಾಗಿ ಅಹಮದಾಬಾದಿನ ಝೈಡಸ್ ಕಂಪನಿ ತಯಾರಿಸಿದ ಡೆಸಿಡುಸ್ಟಾಟ್‌ಗೆ 2022ರಲ್ಲಿ ಭಾರತದಲ್ಲಿ ಒಪ್ಪಿಗೆ ಸಿಕ್ಕಿತು. ಸೋಲುಗಳೂ ಇವೆ. ಆಮ್ಲಜನಕ ಕಡಿಮೆಯಿರುವ ಕಡೆ ಮಾತ್ರ ವಿಷವಾಗುವಂತೆ ರೂಪಿಸಿದ ಇವೊಫಾಸ್ಫಮೈಡ್ ಎಂಬ ಕ್ಯಾನ್ಸರ್ ಔಷಧಿ 2015ರಲ್ಲಿ ದೊಡ್ಡ ಪರೀಕ್ಷೆಗಳಲ್ಲಿ ಗುರಿ ಮುಟ್ಟಲಿಲ್ಲ. ಬೆಲ್ಜುಟಿಫಾನ್ ಗೆದ್ದದ್ದು ಹಿಫ್ ಹಿಡಿತ ತಪ್ಪಿದ ಕಾಯಿಲೆಯನ್ನೇ ಆರಿಸಿಕೊಂಡಿದ್ದರಿಂದ. ಎಲ್ಲ ಕ್ಯಾನ್ಸರಿಗೂ ಅದು ಮದ್ದಲ್ಲ.

ಕೊನೆಗೆ ನಿಮ್ಮಲ್ಲಿ ಎರಡು ಮಾತು. ಗಡ್ಡೆಯಲ್ಲಿ ಆಮ್ಲಜನಕವಿಲ್ಲ ಎಂದು ಸಿಲಿಂಡರ್ ಗಾಳಿ, ಉಸಿರಾಟದ ಅಭ್ಯಾಸ ತೋರಿಸಿ ಕ್ಯಾನ್ಸರ್ ವಾಸಿ ಮಾಡುತ್ತೇವೆ ಎನ್ನುವವರನ್ನು ನಂಬಬೇಡಿ. ಹೊಳೆ ತುಂಬಿದರೂ ಕೆಟ್ಟ ಕಾಲುವೆಯ ಕೊನೆಗೆ ನೀರು ಹೋಗದು. ಮೂತ್ರದಲ್ಲಿ ರಕ್ತ ಕಂಡರೆ, ನೋವಿಲ್ಲದಿದ್ದರೂ, ಅದೇ ವಾರ ವೈದ್ಯರಿಗೆ ತೋರಿಸಿ.