ದಿನಕ್ಕೆರಡು ಗಂಟೆಯ ಪಟ್ಟಿ

ಮಗಳೇ,

ಕೂಸಿನ ಎಡಗಣ್ಣಿಗೆ ದೃಷ್ಟಿ ಕಡಿಮೆ, ಕನ್ನಡಕ ಹಾಕಬೇಕು, ಬಲಗಣ್ಣಿಗೆ ದಿನಾ ಎರಡು ಗಂಟೆ ಪಟ್ಟಿ ಅಂಟಿಸಬೇಕು ಅಂತ ಡಾಕ್ಟರು ಹೇಳಿದರು ಎಂದು ನೀನು ಫೋನಿನಲ್ಲಿ ಅತ್ತುಬಿಟ್ಟೆ. 'ಚೆನ್ನಾಗಿರೋ ಕಣ್ಣನ್ನೇ ಮುಚ್ಚು ಅಂತಾರಲ್ಲ ದೊಡ್ಡಪ್ಪ' ಅಂದೆ. ತಾಲ್ಲೂಕು ಆಸ್ಪತ್ರೆಯಲ್ಲಿ ನೇತ್ರಾಧಿಕಾರಿಯಾಗಿದ್ದಷ್ಟು ಕಾಲವೂ ತಾಯಂದಿರು ನನ್ನನ್ನು ಕೇಳಿದ್ದು ಇದನ್ನೇ. ಬಾಯಲ್ಲಿ ಹೇಳಿದ್ದು ಅರ್ಧ ಮರೆತುಹೋಗುತ್ತದೆ, ಅದಕ್ಕೇ ಬರೆದು ಕಳಿಸುತ್ತಿದ್ದೇನೆ.

ನೋಡುವುದು ಕಣ್ಣೊಂದರ ಕೆಲಸವಲ್ಲ, ಮಿದುಳು ಕಲಿಯಬೇಕಾದ ವಿದ್ಯೆ. ಹುಟ್ಟಿದಂದಿನಿಂದ ಏಳೆಂಟು ವರ್ಷದವರೆಗೆ ಆ ಕಲಿಕೆ ಜೋರಾಗಿ ನಡೆಯುತ್ತದೆ. ಒಂದು ಕಣ್ಣಿಗೆ ನಂಬರು ಹೆಚ್ಚಿದ್ದರೆ, ಇಲ್ಲವೇ ಕಣ್ಣು ಓರೆಯಾಗಿದ್ದರೆ, ಮಿದುಳು ಅದು ಕಳಿಸುವ ಚಿತ್ರವನ್ನು ಬದಿಗಿಟ್ಟು ಇನ್ನೊಂದನ್ನೇ ನೆಚ್ಚಿಕೊಳ್ಳುತ್ತದೆ. ಸೋಮಾರಿ ಕಣ್ಣು ಎನ್ನುವುದು ಇದಕ್ಕೇ. ಬಲಗಣ್ಣಿಗೆ ಪಟ್ಟಿ ಬಿದ್ದಾಗ ಮಿದುಳಿಗೆ ಎಡಗಣ್ಣನ್ನು ಕೇಳದೆ ಬೇರೆ ದಾರಿಯಿರುವುದಿಲ್ಲ. ಚಿಕಿತ್ಸೆಯ ಗುಟ್ಟು ಅಷ್ಟೇ.

ಇಷ್ಟು ದಿನ ಗೊತ್ತಾಗಲಿಲ್ಲವಲ್ಲ ಎಂದು ಕೊರಗಬೇಡ. ಒಂದು ಕಣ್ಣು ಚೆನ್ನಾಗಿದ್ದರೆ ಮಗು ಎಲ್ಲೂ ಎಡವುವುದಿಲ್ಲ, ದೂರುವುದೂ ಇಲ್ಲ. ಶಾಲೆಗಳಲ್ಲಿ ತಪಾಸಣೆ ಮಾಡುವಾಗ ಮಕ್ಕಳನ್ನು ಅಕ್ಷರದ ಚಾರ್ಟಿನಿಂದ ಆರು ಮೀಟರ್ ದೂರ ನಿಲ್ಲಿಸಿ ಒಂದು ಕಣ್ಣು ಮುಚ್ಚಿಕೊಳ್ಳಲು ಹೇಳುತ್ತಿದ್ದೆ. ಮಂದಗಣ್ಣಿನ ಹುಡುಗ ಬೆರಳ ಸಂದಿಯಿಂದ ಒಳ್ಳೆಯ ಕಣ್ಣಲ್ಲೇ ಇಣುಕುತ್ತಿದ್ದ, ಇಲ್ಲವೇ ಕತ್ತು ಹೊರಳಿಸುತ್ತಿದ್ದ. ಸಾಲಿನಲ್ಲಿ ಹಿಂದೆ ನಿಂತವರು ಮುಂದಿನವರು ಓದಿದ್ದನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದರು. ಅದಕ್ಕೇ ನಡುನಡುವೆ ಚಾರ್ಟು ಬದಲಿಸುತ್ತಿದ್ದೆ. ಓದಲು ಬಾರದ ಎಳೆಮಕ್ಕಳ ವಿಷಯ ಇನ್ನೂ ಸುಲಭ. ಮಂದಗಣ್ಣಿಗೆ ಕೈ ಅಡ್ಡ ಹಿಡಿದರೆ ಸುಮ್ಮನಿರುತ್ತವೆ, ಒಳ್ಳೆಯ ಕಣ್ಣಿಗೆ ಹಿಡಿದರೆ ಕೈ ತಳ್ಳಿ ಅಳುತ್ತವೆ.

ಈಗ ಪಟ್ಟಿಯ ವಿಷಯ. ಅದನ್ನು ಚರ್ಮದ ಮೇಲೆ ಅಂಟಿಸಿ, ಮೇಲೆ ಕನ್ನಡಕ ಹಾಕು. ಕನ್ನಡಕದ ಗಾಜಿಗೆ ಅಂಟಿಸಿದರೆ ಪಕ್ಕದಿಂದ ಇಣುಕದೆ ಬಿಡುವುದಿಲ್ಲ, ನಿನ್ನ ಮಗಳು ಕಿಲಾಡಿ. ಎರಡೇ ಗಂಟೆ ಸಾಕೇ ಎಂದು ಅಳಿಯಂದಿರು ಕೇಳಿದರಂತೆ. ಸಾಕು. ಏಳು ವರ್ಷದೊಳಗಿನ, ಸಾಧಾರಣ ಮಟ್ಟದ ತೊಂದರೆಯಿದ್ದ ಮಕ್ಕಳಿಗೆ ಎರಡು ಗಂಟೆ ಪಟ್ಟಿ ಹಾಕಿದರೂ ಆರು ಗಂಟೆ ಹಾಕಿದರೂ ನಾಲ್ಕು ತಿಂಗಳಲ್ಲಿ ಫಲ ಒಂದೇ ಎಂದು ಅಮೆರಿಕದ ಮಕ್ಕಳ ಕಣ್ಣಿನ ವೈದ್ಯರ ಗುಂಪು 2003ರಲ್ಲಿ ತೋರಿಸಿತು. ಆದರೆ ಆ ಎರಡು ಗಂಟೆ ದಿನಾ ಆಗಬೇಕು. ಮದುವೆ, ಜಾತ್ರೆ, ಜ್ವರ ಅಂತ ಬಿಡುತ್ತಾ ಹೋದರೆ ಹಣವೂ ದಂಡ, ಅಳುವೂ ದಂಡ. ಬಣ್ಣ ಹಚ್ಚಲಿ, ಅವರೆಕಾಯಿ ಸುಲಿಯಲಿ, ಕತೆ ಕೇಳಲಿ, ಅವಳ ಮನಸ್ಸು ಪಟ್ಟಿಯ ಮೇಲಿರದಂತೆ ನೋಡಿಕೋ. ಏನು ಮಾಡಿದರೂ ಹಚ್ಚಗೊಡದಿದ್ದರೆ ಒಳ್ಳೆಯ ಕಣ್ಣಿಗೆ ಅಟ್ರೋಪಿನ್ ಹನಿ ಹಾಕಿ ಮಸುಕಾಗಿಸುವ ದಾರಿಯೂ ಉಂಟು. ಅದು ಡಾಕ್ಟರು ಹೇಳಿದರೆ ಮಾತ್ರ. ಕಣ್ಣು ಸುಧಾರಿಸಿತು ಎಂದು ನೀನಾಗಿಯೇ ಪಟ್ಟಿ ನಿಲ್ಲಿಸಬೇಡ. ನಿಲ್ಲಿಸಿದ ಮಕ್ಕಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ವರ್ಷದೊಳಗೆ ಮತ್ತೆ ದೃಷ್ಟಿ ಇಳಿಯುತ್ತದೆ.

ಕಣ್ಣು ಸ್ವಲ್ಪ ಒಳಕ್ಕೆ ವಾಲುವುದನ್ನು ನೋಡಿ ನಿಮ್ಮ ಅತ್ತೆಯವರು 'ಮೆಳ್ಳೆಗಣ್ಣು ಅದೃಷ್ಟ' ಅಂದರಂತೆ. ಹಿರಿಯರು, ಎದುರು ಮಾತಾಡಬೇಡ. ಪ್ಲಸ್ ನಂಬರಿನಿಂದ ಬರುವ ಮೆಳ್ಳೆ ಎಷ್ಟೋ ಸಲ ಕನ್ನಡಕ ಹಾಕಿದೊಡನೆ ನೇರವಾಗುತ್ತದೆ, ಅದನ್ನು ಅವರೇ ನೋಡಲಿ. ಕೆಲವರಿಗೆ ಆಪರೇಷನ್ ಬೇಕಾಗುತ್ತದೆ. ಅದು ಕಣ್ಣನ್ನು ನೇರ ಮಾಡುತ್ತದೆಯೇ ಹೊರತು ದೃಷ್ಟಿ ತಂದುಕೊಡುವುದಿಲ್ಲ. ಪಟ್ಟಿಯ ಕೆಲಸ ಪಟ್ಟಿಯೇ ಮಾಡಬೇಕು.

ಇನ್ನು ನೀನು ಕಳಿಸಿದ ಆ ವಾಟ್ಸಾಪ್ ವಿಡಿಯೊ. ಕನ್ನಡಕ ಬಿಸಾಡಿ, ಕಣ್ಣು ತಿರುಗಿಸಿ, ಬೆಳಗಿನ ಸೂರ್ಯನನ್ನು ನೋಡಿ ಎನ್ನುವ ಈ ವಿದ್ಯೆ ಹೊಸದಲ್ಲ. ನ್ಯೂಯಾರ್ಕಿನ ವಿಲಿಯಂ ಬೇಟ್ಸ್ ಎಂಬ ಕಣ್ಣಿನ ವೈದ್ಯ 1920ರಲ್ಲೇ ಇಂಥದ್ದನ್ನು ಪುಸ್ತಕ ಮಾಡಿದ್ದ. ಕಣ್ಣುಗುಡ್ಡೆ ಉದ್ದವಾದ್ದರಿಂದ ಬಂದ ಮೈನಸ್ ನಂಬರು ಕಣ್ಣು ತಿರುಗಿಸಿದರೆ ಇಳಿಯುವುದಿಲ್ಲ. ಸೂರ್ಯನನ್ನು ದಿಟ್ಟಿಸಿದರೆ ಅಕ್ಷಿಪಟ ಸುಡುತ್ತದೆ. ಹಾಗಂತ ಕಣ್ಣಿನ ವ್ಯಾಯಾಮವೆಲ್ಲ ಬೂಟಾಟಿಕೆಯಲ್ಲ. ಹತ್ತಿರದ್ದನ್ನು ಓದುವಾಗ ಎರಡು ಕಣ್ಣೂ ಸರಿಯಾಗಿ ಒಳಕ್ಕೆ ಕೂಡದೆ ತಲೆನೋವು ಬರುವ, ಅಕ್ಷರ ಎರಡೆರಡಾಗಿ ಕಾಣುವ ಮಕ್ಕಳಿದ್ದಾರೆ. 2008ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಇಂಥ 221 ಮಕ್ಕಳಿದ್ದರು. ಹನ್ನೆರಡು ವಾರ ಕ್ಲಿನಿಕ್ಕಿಗೆ ಹೋಗಿ ವ್ಯಾಯಾಮ ಮಾಡಿದವರಲ್ಲಿ ಶೇಕಡ 73ರಷ್ಟು ಮಂದಿಗೆ ಗುಣ ಕಂಡಿತು. ಮನೆಯಲ್ಲಿ ಬರೀ ಪೆನ್ಸಿಲ್ ತುದಿ ನೋಡುತ್ತಿದ್ದವರಲ್ಲಿ ಶೇಕಡ 43. ಆ ತೊಂದರೆಗೆ ಆ ಮದ್ದು. ಅದೇ ವ್ಯಾಯಾಮದಿಂದ ನಂಬರು ಹೋಗುತ್ತದೆ, ಓದಲು ತೊಡಕಾಗುವ ಡಿಸ್ಲೆಕ್ಸಿಯಾ ವಾಸಿಯಾಗುತ್ತದೆ ಎಂದು ಪ್ಯಾಕೇಜು ಮಾರುವವರ ಬಾಗಿಲಿಗೆ ಹೋಗಬೇಡ.

ಕ್ಯಾರೆಟ್, ನುಗ್ಗೆಸೊಪ್ಪು, ಪಪ್ಪಾಯಿ ಧಾರಾಳವಾಗಿ ತಿನ್ನಿಸು. ಎ ಅನ್ನಾಂಗದ ಕೊರತೆಯಿಂದ ಬರುವ ಇರುಳುಗಣ್ಣನ್ನು ಅವು ತಡೆಯುತ್ತವೆ, ನಂಬರನ್ನಲ್ಲ. ಜೇನು, ಹರಳೆಣ್ಣೆ ಕಣ್ಣಿಗೆ ಬಿಡುವುದು ಬೇಡವೇ ಬೇಡ. ಕಣ್ಣು ತುರಿಸಿದರೆ ಮೆಡಿಕಲ್ ಶಾಪಿನವನು ಕೊಟ್ಟ ಹನಿಯನ್ನು ತಿಂಗಳುಗಟ್ಟಲೆ ಹಾಕುವ ಮನೆಗಳಿವೆ. ಅದರಲ್ಲಿ ಸ್ಟಿರಾಯ್ಡ್ ಇದ್ದರೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ ಆಗಬಹುದು. ಹಾಗೆ ಹೋದ ದೃಷ್ಟಿ ಮರಳುವುದಿಲ್ಲ.

ಅಳಿಯಂದಿರಿಗೂ ಒಂದು ಮಾತು. ಅವರ ತಮ್ಮನ ಮಗನಿಗೆ ಮೈನಸ್ ನಂಬರು ವರ್ಷವರ್ಷ ಏರುತ್ತಿದೆಯಂತೆ, 'ಸ್ವಲ್ಪ ಕಡಿಮೆ ನಂಬರು ಬರೆದುಕೊಡಿ' ಎಂದು ಅಂಗಡಿಯಲ್ಲಿ ಕೇಳಿದರಂತೆ. ಕಡಿಮೆ ಕೊಟ್ಟರೆ ಏರಿಕೆ ನಿಲ್ಲುವುದಿಲ್ಲ. ತೈವಾನಿನವರು 2010ರಿಂದ ಶಾಲೆಯ ಮಕ್ಕಳನ್ನು ದಿನಕ್ಕೆ 120 ನಿಮಿಷ ಬಯಲಿಗೆ ಬಿಡುವ ಕ್ರಮ ಹಿಡಿದು ಫಲ ಕಂಡರು. ಹುಡುಗನನ್ನು ಸಂಜೆ ಮೈದಾನಕ್ಕೆ ಅಟ್ಟಲಿ. ಕಡಿಮೆ ಪ್ರಮಾಣದ ಅಟ್ರೋಪಿನ್ ಹನಿಯ ಬಗ್ಗೆ ಕಣ್ಣಿನ ಡಾಕ್ಟರನ್ನೇ ಕೇಳಲಿ.

ಕೊನೆಗೆ, ನೀನು ಮರೆತಿರುವುದು. ಸೋಮಾರಿ ಕಣ್ಣು, ಮೆಳ್ಳೆಗಣ್ಣು ಒಡಹುಟ್ಟಿದವರಲ್ಲೂ ಕಾಣಿಸಿಕೊಳ್ಳುವುದು ಹೆಚ್ಚು. ಚಿಕ್ಕವನಿಗೆ ಮೂರು ತುಂಬಿತಲ್ಲ? ಮುಂದಿನ ತಪಾಸಣೆಗೆ ಅಕ್ಕನ ಜೊತೆ ಅವನನ್ನೂ ಕರೆದುಕೊಂಡು ಹೋಗಿ, ಪಾಪೆ ಹಿಗ್ಗಿಸುವ ಹನಿ ಹಾಕಿಸಿ, ಎರಡೂ ಕಣ್ಣು ತೋರಿಸಿಕೊಂಡು ಬಾ.