ಗರ್ಭಿಣಿಯ ತೂಕ: ಹೆಚ್ಚಬೇಕು, ಆದರೆ ಹಿತಮಿತವಾಗಿ

ಕೆಲವು ವರ್ಷಗಳ ಹಿಂದೆ ತಾಯಿಯೊಬ್ಬರು ತಮ್ಮ ಇಬ್ಬರು ಸೊಸೆಯಂದಿರನ್ನು ನನ್ನ ಚಿಕಿತ್ಸಾಲಯಕ್ಕೆ ಕರೆತಂದಿದ್ದರು. ಇಬ್ಬರೂ ಐದು ತಿಂಗಳ ಗರ್ಭಿಣಿಯರು. “ಡಾಕ್ಟರೇ, ಹಿರಿಯಳು ಮೈ ತುಂಬಿಕೊಂಡಿದ್ದಾಳೆ. ಕಿರಿಯಳಿಗೆ ಉಂಡದ್ದು ಮೈಗೆ ಹತ್ತುತ್ತಿಲ್ಲ, ಇವಳಿಗೊಂದು ಲೇಹ್ಯ ಕೊಡಿ” ಎಂಬುದು ಅವರ ಕೋರಿಕೆ. ಪರೀಕ್ಷಿಸಿದಾಗ ನನಗೆ ಇಬ್ಬರ ಬಗೆಗೂ ಚಿಂತೆಯಾಯಿತು; ಹಿರಿಯಳ ಬಗೆಗೆ ತುಸು ಹೆಚ್ಚೇ ಆಯಿತು.

ಗರ್ಭಕಾಲದಲ್ಲಿ ತೂಕ ಹೆಚ್ಚುವುದು ಸಹಜ, ಅವಶ್ಯಕ. ಒಟ್ಟು ಸುಮಾರು 12 ಕಿಲೋ ಹೆಚ್ಚಿತೆನ್ನೋಣ. ಅದರಲ್ಲಿ ಶಿಶು 3 ಕಿಲೋ. ಮಾಸು ಮತ್ತು ಗರ್ಭಜಲ ಸೇರಿ ಒಂದೂವರೆ. ಬೆಳೆದ ಗರ್ಭಾಶಯ 1. ಹೆಚ್ಚಿದ ರಕ್ತ ಒಂದೂವರೆ. ಉಳಿದುದು ಸ್ತನಗಳ ಬೆಳವಣಿಗೆ, ದೇಹದ ನೀರು ಮತ್ತು ಮುಂದೆ ಹಾಲೂಡಿಸಲು ಶೇಖರವಾಗುವ ಕೊಬ್ಬು.

ಆದರೆ ಎಲ್ಲರಿಗೂ ಒಂದೇ ಅಳತೆಯಿಲ್ಲ. ಗರ್ಭ ಧರಿಸುವ ಮುಂಚಿನ ತೂಕವನ್ನು ಕಿಲೋಗಳಲ್ಲಿ ಹಿಡಿದು, ಮೀಟರಿನಲ್ಲಿ ಅಳೆದ ಎತ್ತರದಿಂದ ಎರಡು ಬಾರಿ ಭಾಗಿಸಿದರೆ ಬರುವ ಸಂಖ್ಯೆಯೇ ಬಿಎಂಐ. ಒಂದೇ ಶಿಶುವಿರುವ ಗರ್ಭಿಣಿಯರಿಗೆ ವೈದ್ಯರು ಸಾಮಾನ್ಯವಾಗಿ ಅನುಸರಿಸುವ ಅಳತೆ ಹೀಗಿದೆ:

ಬಿಎಂಐ 18.5ಕ್ಕಿಂತ ಕಡಿಮೆ: 12.5ರಿಂದ 18 ಕಿಲೋ
18.5ರಿಂದ 24.9: 11.5ರಿಂದ 16 ಕಿಲೋ
25ರಿಂದ 29.9: 7ರಿಂದ 11.5 ಕಿಲೋ
30 ಮತ್ತು ಮೇಲೆ: 5ರಿಂದ 9 ಕಿಲೋ

ಮೊದಲ ಮೂರು ತಿಂಗಳಲ್ಲಿ ಅರ್ಧದಿಂದ ಎರಡು ಕಿಲೋ ಏರಿದರೆ ಸಾಕು. ಅನಂತರ ಸಾಧಾರಣ ಮೈಕಟ್ಟಿನವರಿಗೆ ವಾರಕ್ಕೆ ಸುಮಾರು 400 ಗ್ರಾಂ.

ಆ ಹಿರಿಯ ಸೊಸೆಯ ಬಿಎಂಐ ಮೊದಲೇ 31 ಇತ್ತು. ಐದನೆಯ ತಿಂಗಳಿಗೇ 9 ಕಿಲೋ ಹೆಚ್ಚಿಸಿಕೊಂಡಿದ್ದಳು. ಕಿರಿಯಳ ಬಿಎಂಐ 17.7, ಏರಿದ್ದು 3 ಕಿಲೋ ಮಾತ್ರ. ಒಂದೇ ಅಡುಗೆಮನೆಯ ಊಟ ಒಬ್ಬಳಿಗೆ ಅತಿಯಾಗಿತ್ತು, ಇನ್ನೊಬ್ಬಳಿಗೆ ಕೊರತೆಯಾಗಿತ್ತು. ತೂಕ ಮಿತಿಮೀರಿದರೆ ಮಧುಮೇಹ, ರಕ್ತದೊತ್ತಡ, ಕಷ್ಟದ ಹೆರಿಗೆಗಳ ಸಂಭವ ಹೆಚ್ಚು. ಕಡಿಮೆಯಾದರೆ ಶಿಶು ಕೃಶವಾಗಿಯೋ ಅವಧಿಗೆ ಮುನ್ನವೋ ಹುಟ್ಟಬಹುದು.

“ಎರಡು ಜೀವ, ಇಬ್ಬರ ಊಟ ಮಾಡು” ಎಂದು ಹಿರಿಯರು ಅಕ್ಕರೆಯಿಂದ ಹೇಳುತ್ತಾರೆ. ವಾಸ್ತವವಾಗಿ ನಾಲ್ಕನೆಯ ತಿಂಗಳಿನಿಂದ ಬೇಕಾಗುವುದು ದಿನಕ್ಕೆ ಸುಮಾರು 350 ಕ್ಯಾಲೊರಿ ಹೆಚ್ಚು ಆಹಾರ: ಒಂದು ಜೋಳದ ರೊಟ್ಟಿ, ಒಂದು ಬಟ್ಟಲು ಮೊಳಕೆಕಾಳಿನ ಪಲ್ಯ, ಒಂದು ಲೋಟ ಹಾಲು. ಚರಕಾಚಾರ್ಯರು ಗರ್ಭಿಣಿಗೆ ತಿಂಗಳುವಾರು ಹಾಲು, ಬೆಣ್ಣೆ, ತುಪ್ಪಗಳನ್ನು ಹೇಳಿರುವುದು ನಿಜ. ಆದರೆ ನಾಲ್ಕನೆಯ ತಿಂಗಳ ಬೆಣ್ಣೆಗೆ ಅವರು ಒಂದು ಅಕ್ಷದ ಪ್ರಮಾಣವನ್ನೂ ಹೇಳಿದ್ದಾರೆ; ಅದು ಸುಮಾರು 12 ಗ್ರಾಂ. ಶಾಸ್ತ್ರದ ಹೆಸರಿನಲ್ಲಿ ತುಪ್ಪ ಸುರಿಯುವವರು ಈ ಮಾತ್ರೆಯನ್ನು ಮರೆಯಬಾರದು. ಜೀರ್ಣಶಕ್ತಿ ಕುಂದಿದವಳಿಗೆ ಅಷ್ಟೂ ಭಾರವಾದೀತು.

ಹಿರಿಯಳಿಗೆ ಸಿಹಿ, ಕರಿದ ತಿಂಡಿ, ಎರಡನೆಯ ಬಾರಿ ಬಡಿಸುವ ಅನ್ನವನ್ನು ಬಿಡಿಸಿ, ಸೊಪ್ಪು, ಕಾಳು, ಮಜ್ಜಿಗೆಗಳನ್ನು ಹೆಚ್ಚಿಸಿ, ನಿತ್ಯ ಅರ್ಧ ಗಂಟೆ ನಡೆಯಲು ಹೇಳಿದೆ. ತೂಕ ಇಳಿಸುವ ಪ್ರಯತ್ನ ಗರ್ಭಕಾಲದಲ್ಲಿ ಸಲ್ಲದು; ಏರುವ ವೇಗವನ್ನು ತಗ್ಗಿಸಬೇಕಷ್ಟೆ. ಕಿರಿಯಳಿಗೆ ಲೇಹ್ಯ ಕೊಡಲಿಲ್ಲ. ಮೂರು ಊಟಗಳ ನಡುವೆ ಶೇಂಗಾ ಉಂಡೆ, ರಾಗಿ ಗಂಜಿ, ಬಾಳೆಹಣ್ಣು, ಮೊಸರನ್ನು ಸೇರಿಸಿದೆ. ಅವಳು ಸೋಮವಾರ ನಿರಾಹಾರವಿರುತ್ತಿದ್ದಳೆಂದು ಆಗ ತಿಳಿಯಿತು. ಗರ್ಭಿಣಿಯು ಹೊಟ್ಟೆ ಬರಿದು ಮಾಡಿಕೊಳ್ಳಬಾರದು. ಆ ದಿನವೂ ಊಟ ಬಿಡದಿರಲು ಅತ್ತೆಯವರೇ ಒಪ್ಪಿಸಿದರು. ಇಬ್ಬರಿಗೂ ಕಬ್ಬಿಣಾಂಶದ ಮಾತ್ರೆ ತಪ್ಪಿಸದಿರಲು ಸೂಚಿಸಿದೆ.

ಎಂಟನೆಯ ತಿಂಗಳಲ್ಲಿ ಹಿರಿಯಳ ತೂಕ ಒಂದೇ ವಾರದಲ್ಲಿ 2 ಕಿಲೋ ಏರಿತು. “ಮುಖಕ್ಕೆ ಕಳೆ ಬಂದಿದೆ” ಎಂದು ಮನೆಯವರು ಸಂತೋಷಪಟ್ಟಿದ್ದರು. ಅದು ಕಳೆಯಲ್ಲ, ಬಾವು. ಉಂಗುರ ಬೆರಳಿನಿಂದ ಹೊರಬರುತ್ತಿರಲಿಲ್ಲ, ತಲೆನೋವಿತ್ತು, ರಕ್ತದೊತ್ತಡ 160/110. ಇಂಥಲ್ಲಿ ಕಷಾಯ ಕೊಟ್ಟು ಕಾಯುವುದು ಅಪಾಯ. ಕೂಡಲೇ ಹೆರಿಗೆ ತಜ್ಞರಿರುವ ದೊಡ್ಡ ಆಸ್ಪತ್ರೆಗೆ ಕಳುಹಿಸಿದೆ. ಅವಧಿಗೆ ಮುನ್ನ ಹೆರಿಗೆಯಾದರೂ ತಾಯಿ, ಮಗು ಉಳಿದರು. ಕಿರಿಯಳಿಗೆ ಪೂರ್ಣಾವಧಿಯಲ್ಲಿ 2.8 ಕಿಲೋ ತೂಕದ ಹೆಣ್ಣುಮಗು ಜನಿಸಿತು.

ಆದುದರಿಂದ ಮನೆಯ ಹಿರಿಯರಲ್ಲಿ ನನ್ನ ವಿನಂತಿ. ಗರ್ಭಿಣಿಯ ಮುಖ ನೋಡಿ ತೃಪ್ತರಾಗಬೇಡಿ. ಒಂದೇ ತಕ್ಕಡಿಯಲ್ಲಿ, ಬೆಳಗಿನ ಹೊತ್ತು ತೂಕ ನೋಡಿ ಬರೆದಿಡಿ. ಪ್ರತಿ ತಪಾಸಣೆಯಲ್ಲೂ ತಾಯಿ ಕಾರ್ಡಿನಲ್ಲಿ ತೂಕ ಮತ್ತು ರಕ್ತದೊತ್ತಡ ದಾಖಲಾಗಲಿ. ವಾರದಲ್ಲಿ ಒಂದು ಕಿಲೋಗಿಂತ ಹೆಚ್ಚು ಏರಿದರೆ, ಕೈ ಮುಖ ಊದಿದರೆ, ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮೇಲ್ಹೊಟ್ಟೆಯ ನೋವು ಕಂಡರೆ, ಮಗುವಿನ ಚಲನೆ ಕಡಿಮೆಯಾದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಒಂದು ತಿಂಗಳು ತೂಕ ಏರದೆ ನಿಂತರೂ ವೈದ್ಯರಿಗೆ ತಿಳಿಸಿರಿ. ಸೀಮಂತದ ಸಂಭ್ರಮಕ್ಕೆ ತೋರುವ ಅಕ್ಕರೆಯನ್ನು ಈ ಎಚ್ಚರಕ್ಕೂ ತೋರಿದರೆ ತಾಯಿ ಮಗು ಇಬ್ಬರಿಗೂ ಕ್ಷೇಮ.