ಲಗ್ಗೆರೆಯಲ್ಲೇ ಕಟ್ಟಿ ಮೆಕ್ ಕಾಕ್‌ಪಿಟ್

ಮೆಕ್ ಎಂದರೆ ಒಳಗೆ ಮನುಷ್ಯ ಕೂತು ನಡೆಸುವ ದೈತ್ಯ ಯುದ್ಧಯಂತ್ರ. ಕೆಳಗೆ ಕಾಲು, ಮೇಲೆ ಅತ್ತಿತ್ತ ತಿರುಗುವ ಮುಂಡ, ತೋಳಿನಲ್ಲಿ ಫಿರಂಗಿ. ಕೆನಡಾದ ಪಿರಾನ್ಹಾ ಗೇಮ್ಸ್ 2013ರಲ್ಲಿ ಬಿಡುಗಡೆ ಮಾಡಿದ ‘ಮೆಕ್‌ವಾರಿಯರ್ ಆನ್‌ಲೈನ್’ ಆಟದಲ್ಲಿ ಹನ್ನೆರಡು ಹನ್ನೆರಡು ಜನರ ಎರಡು ತಂಡಗಳು ಇಂಥ ಯಂತ್ರಗಳಲ್ಲಿ ಬಡಿದಾಡುತ್ತವೆ. ಆಡಲು ದುಡ್ಡು ಕೊಡಬೇಕಿಲ್ಲ. ಮಾಮೂಲಿ ಶೂಟಿಂಗ್ ಆಟಕ್ಕೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ: ನಡೆಯುವ ದಿಕ್ಕು ಬೇರೆ, ಗುರಿಯಿಡುವ ದಿಕ್ಕು ಬೇರೆ. ಕಾಲು ಉತ್ತರಕ್ಕೆ ಹೋಗುತ್ತಿರುವಾಗಲೇ ಮುಂಡ ಪೂರ್ವಕ್ಕೆ ತಿರುಗಿ ಗುಂಡು ಹಾರಿಸಬೇಕು. ಜೊತೆಗೆ ಆಯುಧಗಳ ಕಾವು ಏರಿ ಯಂತ್ರ ನಿಂತುಬಿಡದಂತೆ ಕಣ್ಣಿಟ್ಟಿರಬೇಕು. ಕೀಬೋರ್ಡಿನಲ್ಲೂ ಆಡಬಹುದು. ಆದರೆ ಯಂತ್ರದೊಳಗೆ ಕೂತ ಭಾವ ಬರಬೇಕಾದರೆ ಲಿವರ್, ಪೆಡಲ್, ಬಟನ್ ಬೇಕು.

ಈ ಹುಚ್ಚು ತುತ್ತತುದಿ ಮುಟ್ಟಿದ್ದು 2002ರಲ್ಲಿ, ಕ್ಯಾಪ್‌ಕಾಮ್ ಎಕ್ಸ್‌ಬಾಕ್ಸ್‌ಗೆ ತಂದ ‘ಸ್ಟೀಲ್ ಬೆಟಾಲಿಯನ್’ನಲ್ಲಿ. ಅದರ ಕಂಟ್ರೋಲರಿನಲ್ಲಿ ಎರಡು ಜಾಯ್‌ಸ್ಟಿಕ್, ಮೂರು ಪೆಡಲ್, ಒಂದು ಗೇರ್ ಲಿವರ್, ಸುಮಾರು ನಲವತ್ತು ಬಟನ್. ಮುಚ್ಚಳದ ಕೆಳಗಿನ ಎಜೆಕ್ಟ್ ಬಟನ್ ಒತ್ತದೆ ಮೆಕ್ ಸಿಡಿಯಿತೋ, ಪೈಲಟ್ ಸತ್ತ. ಸೇವ್ ಮಾಡಿಟ್ಟಿದ್ದೆಲ್ಲ ಅಳಿಸಿಹೋಯಿತು! ಅಮೆರಿಕದಲ್ಲಿ ಆಗ ಅದರ ಬೆಲೆ 200 ಡಾಲರ್. 2004ರಲ್ಲಿ ಬಂದ ಅದರ ಆನ್‌ಲೈನ್ ಭಾಗದ ಸರ್ವರ್‌ಗಳನ್ನು ಮರುವರ್ಷವೇ ಮುಚ್ಚಿದರು. ಆ ಕಂಟ್ರೋಲರ್ ಪೆಟ್ಟಿಗೆಯನ್ನು ಸೆಕೆಂಡ್ ಹ್ಯಾಂಡ್ ಆಗಿ ವಿದೇಶದಿಂದ ತರಿಸುವ ಆಸೆಯಿದ್ದರೆ ಬಿಟ್ಟುಬಿಡಿ. ಬೆಂಗಳೂರಿನ ಲಗ್ಗೆರೆಯವರಿಗಂತೂ ಅದರ ಅಗತ್ಯವೇ ಇಲ್ಲ. ರಾಜಗೋಪಾಲನಗರ ದಾಟಿದರೆ ಪೀಣ್ಯ ಕೈಗಾರಿಕಾ ಪ್ರದೇಶ. ಅಲ್ಲಿ ನಿಜವಾದ ಯಂತ್ರಗಳಿಗೆ ಕಂಟ್ರೋಲ್ ಪ್ಯಾನೆಲ್ ಕಟ್ಟುವುದೇ ಎಷ್ಟೋ ಶೆಡ್‌ಗಳ ಕಸುಬು.

ಮೊದಲು ರಟ್ಟಿನಲ್ಲಿ

ಏನೇನು ಬೇಕೆಂದು ಬರೆದುಕೊಳ್ಳಿ. ಆರು ಆಯುಧ ಗುಂಪು, ಜಂಪ್ ಜೆಟ್, ಟಾರ್ಗೆಟ್, ಜೂಮ್, ನಕ್ಷೆ, ಯಂತ್ರ ಬಂದ್ ಮಾಡುವ ಬಟನ್, ಕಾವು ಮೀರಿದರೂ ಓಡಿಸುವ ಓವರ್‌ರೈಡ್. ವೇಗಕ್ಕೊಂದು ಲಿವರ್, ಕಾಲು ತಿರುಗಿಸಲು ಪೆಡಲ್. ಟಿ.ವಿ. ಬಂದ ರಟ್ಟಿನ ಡಬ್ಬದಿಂದ ಪ್ಯಾನೆಲ್ ಅಳತೆಗೆ ಕತ್ತರಿಸಿ, ಬಟನ್ ಬರುವ ಕಡೆ ಬಾಟಲಿ ಮುಚ್ಚಳ ಅಂಟಿಸಿ, ಕೆಲವು ದಿನ ಹಾಗೇ ಕೂತು ಕೈಯಾಡಿಸಿ. ನೋಡದೆಯೇ ಬೆರಳು ತಲುಪುವುದು ಎಲ್ಲೆಲ್ಲಿಗೆ ಎಂದು ಗೊತ್ತಾಗುವುದು ಇದರಿಂದಲೇ. ನಲವತ್ತು ಬಟನ್ನಿನ ಆಸೆ ಬೇಡ, ಇಪ್ಪತ್ತನಾಲ್ಕು ಸಾಕು.

ಎಸ್.ಪಿ. ರೋಡ್

ಗೊರಗುಂಟೆಪಾಳ್ಯದಲ್ಲಿ ಹಸಿರು ಮಾರ್ಗದ ಮೆಟ್ರೋ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದರೆ ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳು ಸಿಗುವ ಎಸ್.ಪಿ. ರೋಡ್ ನಡೆದು ಹೋಗುವಷ್ಟು ದೂರ. ಕೇಳಬೇಕಾದ್ದು ‘ಪ್ರೊ ಮೈಕ್ರೋ’ ಬೋರ್ಡ್, 5 ವೋಲ್ಟ್, 16 ಮೆಗಾಹರ್ಟ್ಸ್‌ನದು. ಅದರಲ್ಲಿರುವ ಎಟಿಮೆಗಾ 32ಯು4 ಚಿಪ್ ತಾನೇ ಯುಎಸ್‌ಬಿ ಜಾಯ್‌ಸ್ಟಿಕ್ ಎಂದು ಕಂಪ್ಯೂಟರಿಗೆ ಪರಿಚಯ ಹೇಳಿಕೊಳ್ಳುತ್ತದೆ. ಎಲ್ಲರ ಬಳಿಯೂ ಇರುವ ಹಳೆಯ ಆರ್ಡ್ವಿನೋ ಊನೋ ಈ ಕೆಲಸಕ್ಕೆ ನೇರವಾಗಿ ಬಾರದು. ಲಿವರಿಗೂ ಪೆಡಲಿಗೂ 10 ಕಿಲೋ ಓಮ್ ಪೊಟೆನ್ಶಿಯೋಮೀಟರ್ ಎರಡು ಬೇಕು. ಮೈಮೇಲೆ ‘ಬಿ’ ಅಕ್ಷರ ಇರುವುದನ್ನೇ ಆರಿಸಿ. ‘ಎ’ ಇರುವುದು ಆಂಪ್ಲಿಫೈಯರ್ ವಾಲ್ಯೂಮಿಗೆ, ಲಿವರ್ ಅರ್ಧ ಸರಿಸಿದರೂ ವೇಗ ಅರ್ಧಕ್ಕೆ ಬರುವುದಿಲ್ಲ. ಸಣ್ಣ ಪುಶ್ ಬಟನ್, ಟಾಗಲ್ ಸ್ವಿಚ್ ಸೇರಿ ಹದಿನಾರು, ಅಷ್ಟೇ ಸಂಖ್ಯೆಯ ‘1ಎನ್4148’ ಡಯೋಡ್. ಭಾನುವಾರ ಹೋಗಬೇಡಿ, ಅಂಗಡಿಗಳು ಬಹುತೇಕ ಮುಚ್ಚಿರುತ್ತವೆ.

ಪೀಣ್ಯದ ಬಟನ್

ದೊಡ್ಡ ಬಟನ್‌ಗಳನ್ನು ಮಾತ್ರ ಪೀಣ್ಯದ ಎಲೆಕ್ಟ್ರಿಕಲ್ ಅಂಗಡಿಯಲ್ಲೇ ಕೊಳ್ಳಿ. 22.5 ಮಿ.ಮೀ. ತೂತಿಗೆ ಕೂರುವ ಇಂಡಸ್ಟ್ರಿಯಲ್ ಪುಶ್ ಬಟನ್, ಸೆಲೆಕ್ಟರ್ ಸ್ವಿಚ್, ಕೆಂಪು ಅಣಬೆ ತಲೆಯ ಎಮರ್ಜೆನ್ಸಿ ಸ್ಟಾಪ್. ಲೇತ್ ಮುಂದೆ ದಿನವಿಡೀ ಗುದ್ದಿಸಿಕೊಳ್ಳಲೆಂದೇ ಮಾಡಿದ ಸರಕು ಅದು, ಒತ್ತಿದರೆ ‘ಟಕ್’ ಎನ್ನುವ ಗತ್ತೇ ಬೇರೆ. “ಯಾವ ಮೆಷಿನ್‌ಗೆ ಸಾರ್?” ಎಂದು ಅಂಗಡಿಯವರು ಕೇಳಿಯೇ ಕೇಳುತ್ತಾರೆ. ಆಟಕ್ಕೆ ಎಂದರೆ ನಗಬಹುದು, ಆದರೆ ಬಟನ್ನಿನ ಹಿಂದೆ ಸರಿಯಾದ ಎಲಿಮೆಂಟ್ (ಕಾಂಟ್ಯಾಕ್ಟ್) ಹಾಕಿಕೊಡುತ್ತಾರೆ.

ಇಲ್ಲಿ ಮೂರು ವಿಷಯ ಎಚ್ಚರ. ಒಂದು, ಎಮರ್ಜೆನ್ಸಿ ಸ್ಟಾಪ್ ಸಾಮಾನ್ಯವಾಗಿ ಎನ್‌ಸಿ (ನಾರ್ಮಲಿ ಕ್ಲೋಸ್ಡ್) ಎಲಿಮೆಂಟಿನೊಂದಿಗೆ ಬರುತ್ತದೆ. ಒತ್ತದಿರುವಾಗಲೇ ಸರ್ಕ್ಯೂಟ್ ಕೂಡಿರುವುದರಿಂದ ಆಟಕ್ಕೆ ಸದಾ ಒತ್ತಿದಂತೆ ಕಾಣುತ್ತದೆ. ಎನ್‌ಓ (ನಾರ್ಮಲಿ ಓಪನ್) ಎಲಿಮೆಂಟ್ ಕೇಳಿ ಹಾಕಿಸಿಕೊಳ್ಳಿ. ಮೇಲಾಗಿ ಅದು ಒತ್ತಿದಲ್ಲೇ ಕಚ್ಚಿಕೊಂಡು, ತಿರುಗಿಸಿದರಷ್ಟೇ ಬಿಡುತ್ತದೆ. ಹಾಗಾಗಿ ಸ್ಥಿತಿ ಬದಲಾದಾಗ ಕ್ಷಣಮಾತ್ರ ಒತ್ತಿದ ಸಂಕೇತ ಹೋಗುವಂತೆ ಪ್ರೋಗ್ರಾಂನಲ್ಲಿ ಬರೆಯಬೇಕು. ಎರಡು, ಈ ಕಾಂಟ್ಯಾಕ್ಟ್‌ಗಳು 24 ವೋಲ್ಟ್, 230 ವೋಲ್ಟಿಗೆ ಮಾಡಿದವು. ಬೋರ್ಡಿನೊಳಗಿನ ಪುಲ್‌ಅಪ್ ರೆಸಿಸ್ಟರ್ ಹರಿಸುವ ಚೂರುಪಾರು ಕರೆಂಟಿಗೆ ಕೆಲವೊಮ್ಮೆ ಸ್ಪಂದಿಸುವುದಿಲ್ಲ. ಪ್ರತಿ ದೊಡ್ಡ ಬಟನ್ನಿನ ಪಿನ್‌ನಿಂದ 5 ವೋಲ್ಟಿಗೆ 1 ಕಿಲೋ ಓಮ್ ರೆಸಿಸ್ಟರ್ ಕೊಟ್ಟರೆ 5 ಮಿಲಿಆಂಪಿಯರ್ ಹರಿದು ಬಟನ್ ಮಾತು ಕೇಳುತ್ತದೆ. ಮೂರು, ಪ್ಯಾನೆಲ್ ಇಂಡಿಕೇಟರ್ ದೀಪ ಯುಎಸ್‌ಬಿಯ 5 ವೋಲ್ಟಿಗೆ ಉರಿಯುವುದಿಲ್ಲ. ಅದಕ್ಕೆಂದು ಒಳಗೆ 230 ವೋಲ್ಟ್ ಎಳೆಯುವ ಸಾಹಸ ಖಂಡಿತ ಬೇಡ. ಸಾದಾ ಎಲ್‌ಇಡಿಗೆ 330 ಓಮ್ ರೆಸಿಸ್ಟರ್ ಸೇರಿಸಿದರೆ ಆಯಿತು.

ಶೀಟ್ ಮೆಟಲ್ ಶೆಡ್‌ಗೆ ಒಯ್ಯುವ ಡ್ರಾಯಿಂಗ್ ಡಿಎಕ್ಸ್‌ಎಫ್ ಕಡತವಾಗಿ, ಮಿಲಿಮೀಟರ್ ಲೆಕ್ಕದಲ್ಲಿ, ನಿಜಗಾತ್ರದಲ್ಲೇ ಇರಲಿ. ದೊಡ್ಡ ಬಟನ್‌ಗಳ ನಡುವಿಗೆ ನಡು 45 ಮಿ.ಮೀ., ಅಣಬೆ ತಲೆಯ ಸುತ್ತ ಇನ್ನೂ ಹೆಚ್ಚು ಬಿಡಿ. 16 ಗೇಜ್ ಶೀಟ್ ಲೇಸರ್‌ನಲ್ಲಿ ಕತ್ತರಿಸಿ ಅಂಚು ಬಗ್ಗಿಸಿಕೊಡುತ್ತಾರೆ. ಒಂದೇ ಪೀಸ್ ಎಂದರೆ ಮುಖ ಸಿಂಡರಿಸುವುದುಂಟು. ಬೇರೆ ಆರ್ಡರಿನ ಜೊತೆ ಹಾಕಿಕೊಡಿ, ಅವಸರವಿಲ್ಲ ಎಂದರೆ ಒಪ್ಪುತ್ತಾರೆ. ಪೌಡರ್ ಕೋಟಿಂಗ್‌ಗೂ ಇದೇ ಉಪಾಯ: ಅಂದು ಓಡುತ್ತಿರುವ ಬಣ್ಣಕ್ಕೇ ಸೈ ಎನ್ನಿ. ಬಹುಶಃ ಪ್ಯಾನೆಲ್‌ನವರ ‘ಸೀಮೆನ್ಸ್ ಗ್ರೇ’ ಸಿಗುತ್ತದೆ. ಮೆಕ್‌ಗೆ ಅದಕ್ಕಿಂತ ಒಪ್ಪುವ ಬಣ್ಣವಿಲ್ಲ.

ವೈರಿಂಗ್, ಪ್ರೋಗ್ರಾಂ

ಬೋರ್ಡಿನಲ್ಲಿರುವುದು 18 ಪಿನ್. ಸಣ್ಣ ಬಟನ್ ಹದಿನಾರನ್ನೂ ನಾಲ್ಕು ಅಡ್ಡಸಾಲು, ನಾಲ್ಕು ಕಂಬಸಾಲಿನ ಜಾಲವಾಗಿ ಬೆಸೆದರೆ ಎಂಟೇ ಪಿನ್ ಸಾಕು. ಪ್ರತಿ ಬಟನ್‌ಗೂ ಒಂದು ಡಯೋಡ್ ಹಾಕದಿದ್ದರೆ ಮೂರು ಒತ್ತಿದಾಗ ನಾಲ್ಕನೆಯದೂ ಒತ್ತಿದಂತಾಗುತ್ತದೆ. ಪೊಟೆನ್ಶಿಯೋಮೀಟರ್ ಎರಡಕ್ಕೆ ಎರಡು ಅನಲಾಗ್ ಪಿನ್. ಮಿಕ್ಕ ಎಂಟು ಪಿನ್ ದೊಡ್ಡ ಬಟನ್‌ಗಳಿಗೆ, ಒಂದಕ್ಕೊಂದು. ಬೋರ್ಡಿನ ಯುಎಸ್‌ಬಿ ಸಾಕೆಟ್ ಸುಲಭವಾಗಿ ಕಿತ್ತು ಬರುತ್ತದೆ, ಮೊದಲೇ ಎಪಾಕ್ಸಿ ಹಾಕಿ ಬಿಗಿ ಮಾಡಿ.

ಆರ್ಡ್ವಿನೋ ಸಾಫ್ಟ್‌ವೇರಿನಲ್ಲಿ ಬೋರ್ಡ್ ‘ಲಿಯೊನಾರ್ಡೊ’ ಎಂದು ಆರಿಸಿ, ಉಚಿತವಾಗಿ ಸಿಗುವ ಜಾಯ್‌ಸ್ಟಿಕ್ ಲೈಬ್ರರಿ ಸೇರಿಸಿಕೊಳ್ಳಿ. ಅದು 32 ಬಟನ್‌ವರೆಗೆ ಹಾಗೇ ಒಪ್ಪುತ್ತದೆ. ಬೋರ್ಡ್ ಕಂಪ್ಯೂಟರಿಗೆ ಕಾಣದಂತಾದರೆ ರಿಸೆಟ್ ಪಿನ್ನನ್ನು ಗ್ರೌಂಡಿಗೆ ಬೇಗ ಬೇಗ ಎರಡು ಸಲ ತಾಗಿಸಿ. ಎಂಟು ಸೆಕೆಂಡ್ ಮಾತ್ರ ಎಚ್ಚರವಾಗಿರುತ್ತದೆ, ಅಷ್ಟರೊಳಗೆ ಅಪ್‌ಲೋಡ್ ಶುರುವಾಗಬೇಕು. ವಿಂಡೋಸ್‌ನ ಗೇಮ್ ಕಂಟ್ರೋಲರ್ ಕಿಟಕಿಯಲ್ಲಿ ಒಂದೊಂದೇ ಬಟನ್ ಒತ್ತಿ ಪರೀಕ್ಷಿಸಿ.

ಇದೇ ಸರಣಿಯ, ಏಕಾಂಗಿಯಾಗಿಯೋ ಮೂವರು ಗೆಳೆಯರೊಂದಿಗೋ ಆಡುವ ‘ಮೆಕ್‌ವಾರಿಯರ್ 5: ಮರ್ಸಿನರೀಸ್’ಗೆ ಮನೆಯಲ್ಲಿ ಕಟ್ಟಿದ ಸಾಧನದ ಗುರುತು ಸಿಗುವುದಿಲ್ಲ. ಆಟದ ಸೇವ್ಡ್ ಹೋಟಾಸ್ ಫೋಲ್ಡರಿನಲ್ಲಿರುವ ಮ್ಯಾಪಿಂಗ್ ಕಡತಕ್ಕೆ ನಿಮ್ಮ ಬೋರ್ಡಿನ ವೆಂಡರ್, ಪ್ರಾಡಕ್ಟ್ ಸಂಖ್ಯೆಗಳನ್ನು ಬರೆಯಬೇಕು.

ಕೂರುವ ಮುನ್ನ

ಪೆಡಲಿಗೆ ಬಾಗಿಲಿನ ಬಿಜಾಗರಿ, ಹಲಗೆ, ಸ್ಪ್ರಿಂಗ್ ಸಾಕು. ಕೆಳಗೆ ದಪ್ಪ ರಬ್ಬರ್ ಮ್ಯಾಟ್ ಮಾತ್ರ ಮರೆಯಬೇಡಿ, ಬಾಡಿಗೆ ಮನೆಯ ಮೊದಲ ಮಹಡಿಯಲ್ಲಿದ್ದರೆ ಓನರ್ ಆಂಟಿ ರಾತ್ರಿಯೇ ಮೇಲೆ ಬರುತ್ತಾರೆ. ಗುರಿಯಿಡಲು ಬಲಗೈಗೆ ಜಾಯ್‌ಸ್ಟಿಕ್ ಹಿಡಿಯುವ ಆಸೆ ಸಹಜ. ಆದರೆ ಆನ್‌ಲೈನ್ ಪಂದ್ಯದಲ್ಲಿ ಎದುರಾಳಿಗಳು ಮೌಸ್ ಹಿಡಿದಿರುತ್ತಾರೆ, ಅದರ ಚುರುಕಿಗೆ ಜಾಯ್‌ಸ್ಟಿಕ್ ಸಾಟಿಯಲ್ಲ. ಎಡಗೈಗೆ ಲಿವರ್ ಮತ್ತು ಪ್ಯಾನೆಲ್, ಕಾಲಿಗೆ ಪೆಡಲ್, ಬಲಗೈಗೆ ಮೌಸ್: ನನ್ನ ಮತ ಇದಕ್ಕೆ. ಸರ್ವರ್‌ಗಳು ದೂರದೇಶದಲ್ಲಿವೆ, ವೈಫೈ ಬಿಟ್ಟು ಲ್ಯಾನ್ ಕೇಬಲ್ ಹಾಕಿ. ಪಂದ್ಯಕ್ಕಿಳಿಯುವ ಮೊದಲು ಆಟದ ತರಬೇತಿ ಮೈದಾನದಲ್ಲಿ, ಲಿವರ್ ನಡುವಿಗೆ ತಂದಾಗ ಮೆಕ್ ನಿಜಕ್ಕೂ ನಿಲ್ಲುತ್ತದೆಯೇ, ಹಿಂದಕ್ಕೆಳೆದರೆ ರಿವರ್ಸ್ ಹೋಗುತ್ತದೆಯೇ ಎಂದು ನೋಡಿಕೊಳ್ಳಿ. ನಿಂತಲ್ಲೇ ತೆವಳುತ್ತಿದ್ದರೆ ಪ್ರೋಗ್ರಾಂನಲ್ಲಿ ನಡುಬಿಂದುವಿನ ಸುತ್ತ ಕೊಂಚ ಡೆಡ್ ಜೋನ್, ಅಂದರೆ ಲಿವರ್ ಅಲುಗಿದರೂ ಸಂಕೇತ ಹೋಗದ ಜಾಗ, ಬಿಡಿ.